ನೈಟ್‌ನ ಗುರಾಣಿಯ ಮೇಲೆ ಲ್ಯಾಟಿನ್ ಇತ್ತೇ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಈ ಸಲದ ವಾರ್ಷಿಕೋತ್ಸವಕ್ಕೆ ಮಕ್ಕಳು ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ 1346ರ ಕ್ರೆಸಿ ಯುದ್ಧದ ಬಗ್ಗೆ ಕಿರುನಾಟಕ ಆಡುತ್ತಿದ್ದಾರೆ. ಹನ್ನೆರಡು ನೈಟ್‌ಗಳಿಗೆ ರಟ್ಟಿನ ಗುರಾಣಿಗಳು ಸಿದ್ಧವಾಗಿವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ‘ಮಾನಭಂಗಕ್ಕಿಂತ ಸಾವು ಮೇಲು’ ಎಂಬ ಮಾತಿದೆಯಲ್ಲ, ಅದೇ ಅರ್ಥದ ಲ್ಯಾಟಿನ್ ಧ್ಯೇಯವಾಕ್ಯವನ್ನು ಗುರಾಣಿಗಳ ಮೇಲೆ ಬರೆಸುವ ಆಸೆ. ಅಂತರ್ಜಾಲದಲ್ಲಿ ಒಂದು ಕಡೆ ‘ಮೋರ್ಸ್ ಆಂತೆ ಇನ್‌ಫಾಮಿಯಾಮ್’ ಎಂದಿದೆ, ಇನ್ನೊಂದು ಕಡೆ ‘ಮಾಲೋ ಮೋರಿ ಕ್ವಾಮ್ ಫೊಯ್ದಾರಿ’ ಎಂದಿದೆ. ಯಾವುದು ಸರಿ? ಆ ಕಾಲದ ನೈಟ್‌ಗಳಿಗೆ ಲ್ಯಾಟಿನ್ ಬರುತ್ತಿತ್ತೇ?

ಉತ್ತರ: ಎರಡನೆಯದು ಸರಿ. ಆದರೆ ಅದನ್ನು ಗುರಾಣಿಯ ಮೇಲೆ ಬರೆಸಬೇಡಿ. ಕ್ರೆಸಿಯ ನಾಟಕದಲ್ಲಂತೂ ಬೇಡವೇ ಬೇಡ. ಮೊದಲು ವಾಕ್ಯವನ್ನು ಬಿಡಿಸಿ ನೋಡಿ, ಆಮೇಲೆ ಗುರಾಣಿಗೆ ಬರುತ್ತೇನೆ.

‘ಮಾಲೋ’ ಎಂದರೆ ‘ನನಗೆ ಇದೇ ಲೇಸು’. ‘ಮೋರಿ’ ಎಂದರೆ ಸಾಯುವುದು. ‘ಕ್ವಾಮ್’ ನಮ್ಮ ‘ಗಿಂತ’ ಮಾಡುವ ಕೆಲಸವನ್ನು ಮಾಡುತ್ತದೆ. ‘ಫೊಯ್ದಾರಿ’ ಎಂದರೆ ಕೊಳೆಯಾಗುವುದು, ಮೈಗೆ ಹೊಲಸು ಹತ್ತುವುದು. ಕೂಡಿಸಿ ಓದಿದರೆ, ‘ಹೊಲಸು ಹತ್ತುವುದಕ್ಕಿಂತ ನನಗೆ ಸಾವೇ ಲೇಸು’. ಮಾನ, ಗೌರವ, ಕೀರ್ತಿ ಎಂಬ ಯಾವ ಪದವೂ ಇದರಲ್ಲಿಲ್ಲ. ಕಣ್ಣಿಗೆ ಕಾಣುವ ಕೊಳೆಯೊಂದೇ ಇದೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ‘ಮೋರ್ಸ್ ಆಂತೆ ಇನ್‌ಫಾಮಿಯಾಮ್’ನಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಇಂಗ್ಲಿಷಿನ ಒಂದು ಮಾತನ್ನು ಪದಕ್ಕೆ ಪದ ಇಟ್ಟು ಮಾಡಿದ ವಾಕ್ಯ ಅದು. ‘ಆಂತೆ’ ಎಂದರೆ ಮುಂಚೆ. ‘ಅಪಕೀರ್ತಿಗೆ ಮುಂಚೆ ಸಾವು’ ಎಂದು ಕನ್ನಡದಲ್ಲಿ ಬರೆದರೆ, ಮೊದಲು ಸಾವು ಬಂತು, ಆಮೇಲೆ ಅಪಕೀರ್ತಿ ಬಂತು ಎಂದು ಯಾರಾದರೂ ತಿಳಿದಾರು. ಲ್ಯಾಟಿನ್ ಬಲ್ಲವರ ಕಿವಿಗೂ ಹಾಗೆಯೇ ಕೇಳಿಸುತ್ತದೆ.

ನೀವು ಅರಭಟ್ಟನನ್ನು ನೆನೆದದ್ದು ನನಗೆ ಬಹಳ ಸಂತೋಷ ತಂದಿತು. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂಬ ತ್ರಿಪದಿ ಎಲ್ಲರ ಬಾಯಲ್ಲಿದೆ. ಅದರ ಜೊತೆಗಿರುವ ಸಂಸ್ಕೃತ ಶ್ಲೋಕವನ್ನು ಗಮನಿಸುವವರು ಕಡಿಮೆ. ‘ವರಂ ತೇಜಸ್ವಿನೋ ಮೃತ್ಯುಃ ನ ತು ಮಾನಾವಖಂಡನಂ, ಮೃತ್ಯುಸ್ತತ್ಕ್ಷಣಿಕೋ ದುಃಖಂ ಮಾನಭಂಗಂ ದಿನೇ ದಿನೇ.’ ಸಾವಿನ ನೋವು ಆ ಗಳಿಗೆಗೆ ಮುಗಿಯಿತು, ಮಾನಭಂಗದ ನೋವು ದಿನದಿನವೂ ಇದ್ದದ್ದೇ. ಸುಮಾರು ಕ್ರಿ.ಶ. 700ರ ಆ ಬಂಡೆಯ ಮೇಲೆ ವೀರನ ಗುಣವನ್ನು ಹೇಳುವುದಕ್ಕೆ ಕನ್ನಡ ಬಂದಿದೆ, ಶಾಶ್ವತವಾದ ನೀತಿಯನ್ನು ಹೇಳುವುದಕ್ಕೆ ಸಂಸ್ಕೃತ ಬಂದಿದೆ. ಒಂದೇ ಕಲ್ಲು, ಎರಡು ಭಾಷೆ, ಎರಡಕ್ಕೂ ಬೇರೆ ಬೇರೆ ಕೆಲಸ. ಯುರೋಪಿನ ನೈಟ್‌ನ ಬದುಕಿನಲ್ಲೂ ಭಾಷೆಗಳು ಹೀಗೆಯೇ ಕೆಲಸ ಹಂಚಿಕೊಂಡಿದ್ದವು. ಆ ಹಂಚಿಕೆ ತಿಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಈಗ ಗುರಾಣಿ. 12ನೇ ಶತಮಾನದ ನಡುವಿನಲ್ಲಿ ಲಾಂಛನಪದ್ಧತಿ, ಅಂದರೆ ಗುರಾಣಿಯ ಚಿತ್ರದಿಂದ ಆಳನ್ನೂ ಮನೆತನವನ್ನೂ ಗುರುತಿಸುವ ರೂಢಿ, ಹುಟ್ಟಿತು. ಆಂಜೂ ಪ್ರಾಂತದ ಒಡೆಯ ಜೆಫ್ರಿಗೆ 1128ರಲ್ಲಿ ಅವನ ಮಾವ, ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿ ನೈಟ್ ಪದವಿ ಕೊಟ್ಟಾಗ ಚಿನ್ನದ ಸಿಂಹಗಳಿದ್ದ ಗುರಾಣಿಯನ್ನು ಕೊರಳಿಗೆ ತೂಗುಹಾಕಿದನೆಂದು ಅದೇ ಶತಮಾನದ ಬರಹಗಾರನೊಬ್ಬ ದಾಖಲಿಸಿದ್ದಾನೆ. ಜೆಫ್ರಿಯ ಸಮಾಧಿಗಾಗಿ ಮಾಡಿಸಿದ ಎನಾಮಲ್ ಫಲಕ ಫ್ರಾನ್ಸಿನ ಲ ಮಾನ್ ನಗರದಲ್ಲಿ ಈಗಲೂ ಇದೆ. ಅದರಲ್ಲಿ ಅವನು ನೀಲಿ ಗುರಾಣಿ ಹಿಡಿದು ನಿಂತಿದ್ದಾನೆ, ಗುರಾಣಿಯ ತುಂಬ ಸಿಂಹಗಳು, ಒಂದೇ ಒಂದು ಅಕ್ಷರವಿಲ್ಲ. ಕಾರಣ ಸರಳ. ಶಿರಸ್ತ್ರಾಣ ಮುಖವನ್ನೆಲ್ಲ ಮುಚ್ಚುತ್ತಿದ್ದ ಕಾಲದಲ್ಲಿ, ದೂಳಿನ ನಡುವೆ, ಇವನು ನಮ್ಮವನೋ ಎದುರಾಳಿಯೋ ಎಂದು ನೂರು ಗಜ ದೂರದಿಂದ ತಿಳಿಯಬೇಕಿತ್ತು. ಅಲ್ಲಿ ಓದುವುದಕ್ಕೆ ಪುರುಸೊತ್ತಿಲ್ಲ. ಚಿನ್ನ ಬೆಳ್ಳಿಯ ಮೇಲೆ ಗಾಢ ಬಣ್ಣ, ಗಾಢ ಬಣ್ಣದ ಮೇಲೆ ಚಿನ್ನ ಬೆಳ್ಳಿ ಎಂಬ ಕಟ್ಟುನಿಟ್ಟಿನ ನಿಯಮದಂತೆ ಗುರಾಣಿಗೆ ಬಣ್ಣ ಹಾಕುತ್ತಿದ್ದರು. ಸ್ಪೇನಿನಲ್ಲಿ ಮೆಂಡೋಜಾ ಮನೆತನದಂಥ ಕೆಲವರ ಲಾಂಛನದೊಳಗೆ ‘ಆವೆ ಮರಿಯಾ’ ಎಂದು ಮೇರಿ ಮಾತೆಗೆ ವಂದನೆ ಸಲ್ಲಿಸುವ ಅಕ್ಷರಗಳಿವೆ, ನಿಜ. ಅದು ಅಪರೂಪ, ಮೇಲಾಗಿ ಅದು ಪ್ರಾರ್ಥನೆ.

ಮಾನ ಇದ್ದದ್ದು ಚಿತ್ರದಲ್ಲಿ. ಎಷ್ಟರಮಟ್ಟಿಗೆ ಎಂಬುದಕ್ಕೆ ಒಂದು ವ್ಯಾಜ್ಯವನ್ನು ಹೇಳಲೇಬೇಕು. 1385ರಲ್ಲಿ ಇಂಗ್ಲೆಂಡಿನ ಸೈನ್ಯ ಸ್ಕಾಟ್ಲೆಂಡಿಗೆ ದಂಡೆತ್ತಿ ಹೋದಾಗ ಸರ್ ರಿಚರ್ಡ್ ಸ್ಕ್ರೋಪ್ ಮತ್ತು ಸರ್ ರಾಬರ್ಟ್ ಗ್ರೋವನರ್ ಎಂಬ ಇಬ್ಬರೂ ನೀಲಿ ನೆಲದ ಮೇಲೆ ಚಿನ್ನದ ಓರೆಪಟ್ಟಿಯಿರುವ ಲಾಂಛನವನ್ನೇ ತೊಟ್ಟು ಬಂದಿದ್ದರು. ಸ್ಕ್ರೋಪ್ ದೂರು ಕೊಟ್ಟ. ವಿಚಾರಣೆ ವರ್ಷಗಟ್ಟಲೆ ನಡೆಯಿತು, ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳು ಬಂದರು. ಅವರಲ್ಲಿ ಕವಿ ಜೆಫ್ರಿ ಚಾಸರ್ ಕೂಡ ಒಬ್ಬ. 1386ರಲ್ಲಿ ಅವನು ಕೊಟ್ಟ ಹೇಳಿಕೆ ಉಳಿದುಬಂದಿದೆ. ಲಂಡನ್ನಿನ ಫ್ರೈಡೇ ಸ್ಟ್ರೀಟ್‌ನಲ್ಲಿ ನಡೆದುಹೋಗುತ್ತಿದ್ದಾಗ ಛತ್ರವೊಂದರ ಹೊರಗೆ ಈ ಲಾಂಛನದ ಹೊಸ ಫಲಕ ತೂಗುತ್ತಿತ್ತಂತೆ. ‘ಸ್ಕ್ರೋಪ್ ಅವರ ಲಾಂಛನ ಹಾಕಿದ್ದೀರಲ್ಲ, ಇಳಿದುಕೊಂಡಿರುವುದು ಅವರೇ ಏನು?’ ಎಂದು ಕೇಳಿದನಂತೆ. ‘ಅಲ್ಲ, ಇದು ಗ್ರೋವನರ್ ಅವರದು’ ಎಂಬ ಉತ್ತರ ಬಂತು. ಗ್ರೋವನರ್ ಎಂಬ ಹೆಸರನ್ನು ತಾನು ಕೇಳಿದ್ದೇ ಅಂದು ಮೊದಲು ಎಂದು ಚಾಸರ್ ನುಡಿದ. ಕೊನೆಗೆ ತೀರ್ಪು ಸ್ಕ್ರೋಪ್ ಕಡೆಗಾಯಿತು. ಒಂದು ಓರೆಪಟ್ಟಿಗಾಗಿ ನಡೆದ ಇಷ್ಟು ದೊಡ್ಡ ಹೋರಾಟದ ತಿರುಳು ಆ ಬಣ್ಣದಲ್ಲಿತ್ತು. ಯಾರ ಧ್ಯೇಯವಾಕ್ಯ ಏನು ಎಂಬುದು ಯಾರಿಗೂ ಬೇಕಾಗಿರಲಿಲ್ಲ.

ಹಾಗಾದರೆ ಮಾತು ಎಲ್ಲಿತ್ತು? ಮೊದಲಿಗೆ, ಗಂಟಲಲ್ಲಿ. ರಣರಂಗದಲ್ಲಿ ಕೂಗುವ ಘೋಷ ಪ್ರತಿ ದೊರೆಗೂ ಇತ್ತು. ಫ್ರೆಂಚರದು ‘ಮೋಂಜ್ವಾ ಸ್ಯಾಂ ದನಿ’, ಇಂಗ್ಲಿಷರದು ‘ಸೇಂಟ್ ಜಾರ್ಜ್’. ಎರಡನೆಯದಾಗಿ, ಬಟ್ಟೆಯಲ್ಲಿ. 14ನೇ ಶತಮಾನದ ಹೊತ್ತಿಗೆ ಪಂದ್ಯಕ್ಕೆ ಇಳಿಯುವ ನೈಟ್ ತನ್ನ ಅಂಗಿ, ಮೇಲುಹೊದಿಕೆ, ಕುದುರೆಯ ಜೂಲಿನ ಮೇಲೆ ಒಂದು ನುಡಿಗಟ್ಟನ್ನು ಕಸೂತಿ ಮಾಡಿಸಿಕೊಳ್ಳುವ ರೂಢಿ ಬಂದಿತ್ತು. ಈ ನುಡಿಗಟ್ಟು ಮನೆತನದ್ದಲ್ಲ, ಆ ಮನುಷ್ಯನದು. ಈ ಪಂದ್ಯಕ್ಕೆ ಒಂದು, ಮುಂದಿನ ಪಂದ್ಯಕ್ಕೆ ಇನ್ನೊಂದು. ಕ್ರೆಸಿಯಲ್ಲಿ ಗೆದ್ದ ಮೂರನೇ ಎಡ್ವರ್ಡ್ ದೊರೆಯ ವಸ್ತ್ರಭಂಡಾರದ ಲೆಕ್ಕಪತ್ರಗಳಲ್ಲಿ ಅಂಥ ಒಂದೆರಡು ಸಿಕ್ಕಿವೆ. ಒಂದು, ‘ಇದ್ದದ್ದು ಇದ್ದ ಹಾಗೆ’. ಇನ್ನೊಂದು ಪ್ರಾಸಬದ್ಧವಾದದ್ದು: ‘ಹೇ ಹೇ ಬಿಳಿಯ ಹಂಸ, ದೇವರಾಣೆ ನಾನು ನಿನ್ನವ’. ಎರಡೂ ಇಂಗ್ಲಿಷಿನಲ್ಲಿವೆ, ಅದೂ ಫ್ರೆಂಚನ್ನೇ ಮನೆಮಾತಾಗಿ ಆಡುತ್ತಿದ್ದ ಅರಮನೆಯಲ್ಲಿ. 1348ರ ಸುಮಾರಿಗೆ ಅವನೇ ಕಟ್ಟಿದ ಗಾರ್ಟರ್ (ಕಾಲಿಗೆ ಕಟ್ಟುವ ಪಟ್ಟಿ) ಎಂಬ ನೈಟ್‌ಗಳ ಕೂಟದ ನುಡಿ ಫ್ರೆಂಚಿನಲ್ಲಿದೆ: ‘ಒನಿ ಸ್ವಾ ಕಿ ಮಾಲ್ ಇ ಪಾಂಸ್’, ಅಂದರೆ ‘ಇದರಲ್ಲಿ ಕೆಡುಕು ಕಾಣುವವನಿಗೆ ನಾಚಿಕೆಯಾಗಲಿ’. ಕುಣಿಯುವಾಗ ಯಾರೋ ಹೆಂಗಸಿನ ಕಾಲಿನ ಪಟ್ಟಿ ಜಾರಿತು, ದೊರೆ ಎತ್ತಿಕೊಟ್ಟ ಎಂಬ ಕಥೆ ಬಹಳ ಕಾಲದ ಮೇಲೆ ಹುಟ್ಟಿದ್ದು. ಆ ಪಟ್ಟಿಯ ನೀಲಿ ಮತ್ತು ಚಿನ್ನ ಫ್ರಾನ್ಸ್ ರಾಜಮನೆತನದ ಬಣ್ಣಗಳು. ಫ್ರೆಂಚ್ ಸಿಂಹಾಸನ ತನ್ನದೆಂದು ಎಡ್ವರ್ಡ್ ಮುಂದಿಟ್ಟ ಹಕ್ಕನ್ನು ಹಂಗಿಸಿದವರಿಗೆ ಕೊಟ್ಟ ಎಚ್ಚರಿಕೆ ಇದೆಂದು ಇತಿಹಾಸಕಾರರು ಹೇಳುತ್ತಾರೆ. ನನಗೂ ಅದೇ ಸರಿ ಎನಿಸುತ್ತದೆ.

ಕ್ಯಾಂಟರ್ಬರಿಯ ಮಹಾ ಇಗರ್ಜಿಯಲ್ಲಿ ಎಡ್ವರ್ಡನ ಮಗ, ಕಪ್ಪು ರಾಜಕುಮಾರನೆಂದೇ ಹೆಸರಾದವನ ಸಮಾಧಿಯಿದೆ. ಕ್ರೆಸಿಯಲ್ಲಿ ಹದಿನಾರು ವರ್ಷದ ಹುಡುಗ. ನಿಮ್ಮ ನಾಟಕದಲ್ಲಿ ಅವನ ಪಾತ್ರ ಇದ್ದೇ ಇರುತ್ತದೆ. ಸಮಾಧಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರೆ ನಾನು ಇಲ್ಲಿ ಹೇಳುತ್ತಿರುವುದೆಲ್ಲ ಕಣ್ಣೆದುರು ಬರುತ್ತದೆ. ಮೇಲೆ ಚಿನ್ನದ ಲೇಪ ಹಾಕಿದ ಕಂಚಿನ ಪ್ರತಿಮೆ, ಕೈಮುಗಿದು ಮಲಗಿರುವ ಯೋಧ. ಕೆಳಗೆ ಪಕ್ಕದ ಗೋಡೆಗಳಲ್ಲಿ ಲೋಹದ ಲಾಂಛನಗಳ ಸಾಲು. ಒಂದು ಯುದ್ಧದ್ದು, ಫ್ರಾನ್ಸಿನ ಲಿಲ್ಲಿ ಹೂವು ಮತ್ತು ಇಂಗ್ಲೆಂಡಿನ ಸಿಂಹಗಳಿರುವುದು. ಅದರ ಪಕ್ಕದ್ದು ಶಾಂತಿಯದು, ಮೂರು ಉಷ್ಟ್ರಪಕ್ಷಿ ಗರಿಗಳಿರುವುದು. ಮತ್ತೆ ಯುದ್ಧದ್ದು, ಮತ್ತೆ ಶಾಂತಿಯದು. ಯುದ್ಧದ ಲಾಂಛನದ ಮೇಲಿನ ಚಿಕ್ಕ ಪಟ್ಟಿಯಲ್ಲಿ ‘ಹೌಮೌಟ್’ ಎಂದಿದೆ, ಎಂದರೆ ಎದೆಗಾರಿಕೆ. ಗರಿಗಳ ಲಾಂಛನದಲ್ಲಿ ‘ಇಶ್ ದೀನ್’, ‘ನಾನು ಸೇವೆ ಮಾಡುತ್ತೇನೆ’. ಎರಡೂ ಜರ್ಮನ್, ಡಚ್ ಸೀಮೆಯ ನುಡಿಗಳು. ಅವನ ತಾಯಿ ಫಿಲಿಪಾ ಎನೋ ಎಂಬಲ್ಲಿಂದ ಬಂದವಳು, ಅವಳ ತಂದೆ ಡಚ್ ಸೀಮೆಯ ಹಾಲೆಂಡಿಗೂ ಒಡೆಯ. ಸಾಯುವ ಹಿಂದಿನ ದಿನ, 1376ರ ಜೂನ್ 7ರಂದು, ಅವನು ಬರೆಸಿದ ಉಯಿಲಿನಲ್ಲಿ ಈ ಲಾಂಛನಗಳು ಎಷ್ಟಿರಬೇಕು, ಏನು ಬರೆದಿರಬೇಕು ಎಂದೆಲ್ಲ ವಿವರವಾಗಿ ಹೇಳಿದ್ದಾನೆ. ಆ ಉಯಿಲೂ ಫ್ರೆಂಚ್, ಸಮಾಧಿಯ ಸುತ್ತ ಕೆತ್ತಿರುವ ಪದ್ಯವೂ ಫ್ರೆಂಚ್. ಲ್ಯಾಟಿನ್ ಪೂಜೆ ನಡೆಯುತ್ತಿದ್ದ ಇಗರ್ಜಿಯ ಗರ್ಭದಲ್ಲಿ, ನೈಟ್‌ಗಳ ನೈಟ್ ಎನಿಸಿಕೊಂಡವನು ತನ್ನ ಮಾನವನ್ನು ಹೇಳಿಕೊಂಡದ್ದು ತಾಯಿಯ ಕಡೆಯ ಸೀಮೆಯ ಮಾತಿನಲ್ಲಿ. ಆ ಸಮಾಧಿಯ ಮೇಲೆ ತೂಗುಹಾಕಿದ್ದ ಅವನ ನಿಜವಾದ ಗುರಾಣಿ ಉಳಿದಿದೆ, ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಮರದ ಮೇಲೆ ಚರ್ಮ, ಚರ್ಮದಲ್ಲೇ ಉಬ್ಬಿಸಿದ ಸಿಂಹಗಳು ಮತ್ತು ಲಿಲ್ಲಿಗಳು. ಅದರ ಮೇಲೂ ಅಕ್ಷರವಿಲ್ಲ.

ನೈಟ್‌ಗೆ ಲ್ಯಾಟಿನ್ ಬರುತ್ತಿತ್ತೇ ಎಂದು ಕೇಳಿದ್ದೀರಿ. ಪಾದ್ರಿಯಷ್ಟು ಬರುತ್ತಿರಲಿಲ್ಲ, ಕಿವಿಗೆ ಮಾತ್ರ ಚೆನ್ನಾಗಿ ಪರಿಚಯವಿತ್ತು. ನಮ್ಮಲ್ಲಿ ಸಂಸ್ಕೃತ ಓದದವರೂ ಮದುವೆಮನೆಯ ಮಂತ್ರದ ಲಯವನ್ನು ಗುರುತಿಸುವುದಿಲ್ಲವೇ, ಹಾಗೆ. ನೈಟ್ ಆಗುವ ದಿನ ಅವನ ಕತ್ತಿಯನ್ನು ವೇದಿಕೆಯ ಮೇಲಿಟ್ಟು ಬಿಷಪ್ ಲ್ಯಾಟಿನ್‌ನಲ್ಲಿ ಹರಸುತ್ತಿದ್ದ. ಆದ್ದರಿಂದ ಲ್ಯಾಟಿನ್ ಗುರಾಣಿಗೆ ಹೋಗಲಿಲ್ಲ, ಕತ್ತಿಗೆ ಹೋಯಿತು. ವಿಯೆನ್ನಾದಲ್ಲಿರುವ ಚಕ್ರವರ್ತಿಗಳ ಪಟ್ಟದ ಕತ್ತಿಯನ್ನು ನೋಡಿ, 1200ರ ಆಸುಪಾಸಿನದು. ಅದರ ಹಿಡಿಯ ಅಡ್ಡಪಟ್ಟಿಯಲ್ಲಿ ‘ಕ್ರಿಸ್ತನೇ ಗೆಲ್ಲುತ್ತಾನೆ, ಕ್ರಿಸ್ತನೇ ಆಳುತ್ತಾನೆ, ಕ್ರಿಸ್ತನೇ ಅಪ್ಪಣೆ ಕೊಡುತ್ತಾನೆ’ ಎಂದು ಕೊರೆದಿದೆ. ಹಿಡಿಯ ತುದಿಯ ಗುಂಡಿನಲ್ಲಿ ಬೈಬಲಿನ ದಾವೀದನ ಕೀರ್ತನೆಯ ತುಣುಕು: ‘ನನ್ನ ಕೈಗಳಿಗೆ ಯುದ್ಧ ಕಲಿಸುವ ದೇವರಿಗೆ ಸ್ತೋತ್ರ’. ಕೆಂಪು ಅರಗಿನ ಮುದ್ರೆಗಳಲ್ಲೂ ಲ್ಯಾಟಿನ್ ಇತ್ತು. ಒಂದೇ ಕುದುರೆಯ ಮೇಲೆ ಇಬ್ಬರು ಕುಳಿತ ಟೆಂಪ್ಲರ್ ಎಂಬ ಸನ್ಯಾಸಿ ನೈಟ್‌ಗಳ ಮುದ್ರೆಯ ಸುತ್ತ ‘ಕ್ರಿಸ್ತನ ಯೋಧರ ಮುದ್ರೆ’ ಎಂದಿದೆ. ಅವರ ಧ್ಯೇಯವಾಕ್ಯವೆಂದು ಇಂದು ಎಲ್ಲೆಡೆ ಕಾಣುವ ‘ನೋನ್ ನೋಬಿಸ್ ದೋಮಿನೆ’ ಕೂಡ ಕೀರ್ತನೆಯ ಸಾಲೇ: ‘ನಮಗಲ್ಲ, ಪ್ರಭುವೇ, ನಮಗಲ್ಲ, ನಿನ್ನ ಹೆಸರಿಗೇ ಕೀರ್ತಿ ಸಲ್ಲಲಿ’. ದೇವರ ಮುಂದೆ ನಿಂತಾಗ ಲ್ಯಾಟಿನ್, ಪ್ರೇಯಸಿಯ ಮುಂದೆ, ಎದುರಾಳಿಯ ಮುಂದೆ ನಿಂತಾಗ ತನ್ನ ಮಾತು. ದೇವರ ಮುಂದೆ ಆಡಿದ ಮಾತಿನಲ್ಲಿ ‘ನನ್ನ ಮಾನ’ ಎಂಬುದಕ್ಕೆ ಜಾಗವೇ ಇರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಮಧ್ಯಯುಗದ ಲ್ಯಾಟಿನ್ ಕಾಗದಪತ್ರಗಳಲ್ಲಿ ‘ಹೊನೋರ್’ ಎಂಬ ಪದ ಕಂಡರೆ ಅದು ಬಹಳ ಸಲ ಮರ್ಯಾದೆಯಲ್ಲ, ಜಮೀನು. ದೊರೆಯಿಂದ ನೇರವಾಗಿ ಪಡೆದ, ಹಲವು ಊರುಗಳು ಸೇರಿದ ದೊಡ್ಡ ಪಾಳೆಯಪಟ್ಟಿಗೆ ‘ಹೊನೋರ್’ ಎನ್ನುತ್ತಿದ್ದರು. 1215ರ ಮ್ಯಾಗ್ನಾ ಕಾರ್ಟಾದ 43ನೇ ವಿಧಿಯಲ್ಲಿ ವಾಲಿಂಗ್‌ಫರ್ಡ್, ನಾಟಿಂಗ್‌ಹ್ಯಾಮ್, ಬೊಲೋನ್, ಲ್ಯಾಂಕಾಸ್ಟರ್‌ಗಳ ‘ಹೊನೋರ್’ ಎಂದು ಬರುವುದು ಇದೇ ಅರ್ಥದಲ್ಲಿ. ಇಂಗ್ಲಿಷ್ ಓದುಗರಿಗೆ ಇದು ವಿಚಿತ್ರವೆನಿಸುತ್ತದೆ. ಕನ್ನಡಿಗರಿಗೆ ಹಾಗೆ ಎನಿಸಬೇಕಾಗಿಲ್ಲ. ನಮ್ಮ ‘ಮಾನ್ಯ’ ಪದವನ್ನೇ ನೋಡಿ. ಮಾನ್ಯರೇ ಎಂದು ಪತ್ರ ಶುರುಮಾಡುತ್ತೇವೆ. ಅದೇ ಹೊತ್ತಿಗೆ ಊರಲ್ಲಿ ‘ಮಾನ್ಯದ ಹೊಲ’ ಎನ್ನುತ್ತೇವೆ, ಶಾಸನಗಳಲ್ಲಿ ‘ಸರ್ವಮಾನ್ಯವಾಗಿ ಬಿಟ್ಟ ಭೂಮಿ’ ಎಂದು ಓದುತ್ತೇವೆ. ದೊರೆ ಮನ್ನಿಸಿದ್ದಕ್ಕೆ ಗುರುತಾಗಿ ಕೊಟ್ಟ ನೆಲಕ್ಕೂ ಮನ್ನಣೆಯದೇ ಹೆಸರು. ಲ್ಯಾಟಿನ್ ‘ಹೊನೋರ್’ ನಡೆದ ದಾರಿಯೂ ಅದೇ. ರೋಮನರ ಕಾಲದಲ್ಲಿ ಅದಕ್ಕೆ ಪದವಿ, ಅಧಿಕಾರಸ್ಥಾನ ಎಂಬ ಅರ್ಥವಿತ್ತು. ಆಮೇಲೆ ನೆಲ ಎಂದಾಯಿತು. ಎದೆಯೊಳಗಿನ ಮಾನ ಎಂಬ ಅರ್ಥ ಗಟ್ಟಿಯಾದದ್ದು ನಿಧಾನವಾಗಿ. ಹೊರಗಿನವರು ಕೊಟ್ಟದ್ದು, ಒಳಗಿನವನದೇ ಆದದ್ದು, ಈ ಎರಡರ ಎಳೆದಾಟ ಆ ಪದದಲ್ಲಿ ಎಂದೂ ನಿಂತಿಲ್ಲ.

ರೋಮನರಿಗೂ ಇದು ಗೊತ್ತಿತ್ತು. ಸೇನಾಪತಿ ಮಾರ್ಸೆಲಸ್ ಹೊನೋಸ್ (‘ಹೊನೋರ್’ ಪದದ ಹಳೆಯ ರೂಪ) ಮತ್ತು ವಿರ್ತೂಸ್ ಎಂಬ ಇಬ್ಬರು ದೇವತೆಗಳಿಗೆ ಗುಡಿ ಕಟ್ಟಿಸುವುದಾಗಿ ಹರಕೆ ಹೊತ್ತಿದ್ದ. ಒಂದೇ ಗರ್ಭಗುಡಿಯಲ್ಲಿ ಇಬ್ಬರನ್ನು ಇಡಲು ಪುರೋಹಿತರು ಒಪ್ಪಲಿಲ್ಲ. ಗುಡಿಗೆ ಸಿಡಿಲು ಹೊಡೆದರೆ ಯಾವ ದೇವತೆಗೆ ಶಾಂತಿ ಮಾಡಿಸುವುದು ಎಂದು ಅವರ ತಕರಾರು. ಹೀಗೆ ಎರಡು ಗುಡಿಗಳಾದವು, ವಿರ್ತೂಸ್ ಗುಡಿಯನ್ನು ಹಾದೇ ಹೊನೋಸ್ ಗುಡಿಗೆ ಹೋಗಬೇಕಿತ್ತೆಂದು ಮುಂದಿನವರು ಹೇಳಿಕೊಂಡು ಬಂದರು. ‘ವಿರ್’ ಎಂದರೆ ಗಂಡು, ‘ವಿರ್ತೂಸ್’ ಎಂದರೆ ಕಲಿತನ. ಪುರುಷನಿಂದ ಪೌರುಷ ಬಂದ ಹಾಗೆ. ‘ಹೊನೋಸ್ ಎಂಬುದು ವಿರ್ತೂಸ್‌ಗೆ ಸಿಗುವ ಬಹುಮಾನ’ ಎಂದು ರೋಮನ್ ವಾಗ್ಮಿ ಸಿಸೆರೋ ಬರೆದ. ಆ ಮಾತೇ ಎಷ್ಟೋ ಶತಮಾನಗಳ ಮೇಲೆ ‘ಹೊನೋರ್ ವಿರ್ತೂತಿಸ್ ಪ್ರೇಮಿಯುಮ್’ ಎಂದು ಇಂಗ್ಲೆಂಡಿನ ಶರ್ಲಿ, ಐರ್ಲೆಂಡಿನ ಬಾಯ್ಲ್ ಮನೆತನಗಳ ಲಾಂಛನದ ಕೆಳಗೆ ಬಂದು ಕೂತಿತು.

ಲಾಂಛನದ ಜೊತೆಗೆ ಲ್ಯಾಟಿನ್ ನುಡಿ ಸೇರುವ ಈ ಬದಲಾವಣೆ 15, 16ನೇ ಶತಮಾನದಲ್ಲಿ ಇಟಲಿಯಿಂದ ಶುರುವಾಯಿತು. ನೀವು ಕೇಳಿದ ವಾಕ್ಯದ ಹುಟ್ಟೂರೂ ಅದೇ ಸೀಮೆ. ನೇಪಲ್ಸ್‌ನ ದೊರೆ ಫೆರಾಂತೆಯ ತಂ‌ಗಿಯ ಗಂಡನೇ ಅವನನ್ನು ಕೊಲ್ಲಲು ಸಂಚು ಹೂಡಿದ. ಸಿಕ್ಕಿಬಿದ್ದ ಮೇಲೆ ಅವನ ತಲೆ ತೆಗೆಯಿರಿ ಎಂದು ಸುತ್ತಲಿನವರು ಹೇಳಿದರೂ ಫೆರಾಂತೆ ಒಪ್ಪದೆ ಸೆರೆಯಲ್ಲಿಟ್ಟ. ನೆಂಟನ ರಕ್ತದಿಂದ ಕೈ ಕೊಳೆ ಮಾಡಿಕೊಳ್ಳಲಾರೆ ಎಂಬುದನ್ನು ಸಾರಲು ಅವನು ಆರಿಸಿಕೊಂಡ ಚಿತ್ರ ಅರ್ಮಿನ್ ಎಂಬ ಪುಟ್ಟ ಪ್ರಾಣಿಯದು. ನೋಡಲು ನಮ್ಮ ಮುಂಗುಸಿಯ ಹಾಗೆ ಉದ್ದ ಮೈ, ಚಳಿಗಾಲದಲ್ಲಿ ಹಾಲಿನಂಥ ಬಿಳುಪು. ಬಿಲದ ಸುತ್ತ ಕೆಸರು ಹಾಕಿದರೆ ಅದು ತುಪ್ಪಳ ಕೆಡಿಸಿಕೊಂಡು ಪಾರಾಗುವ ಬದಲು ಬೇಟೆಗಾರನ ಕೈಗೆ ಸಿಕ್ಕಿ ಸಾಯುತ್ತದೆಂದು ಜನ ನಂಬಿದ್ದರು. ಆ ಚಿತ್ರದ ಜೊತೆಗಿನ ಮಾತು ‘ಮಾಲೋ ಮೋರಿ ಕ್ವಾಮ್ ಫೊಯ್ದಾರಿ’. 1465ರಲ್ಲಿ ಅವನು ಅರ್ಮಿನ್ ಹೆಸರಿನ ನೈಟ್‌ಗಳ ಕೂಟವನ್ನೇ ಕಟ್ಟಿದ. ಮುಂದೆ 1486ರಲ್ಲಿ ಇದೇ ದೊರೆ ತನ್ನ ಎದುರಾಳಿಗಳನ್ನು ಮದುವೆಯ ಔತಣಕ್ಕೆ ಕರೆಸಿ ಕೋಟೆಯೊಳಗೇ ಸೆರೆಹಿಡಿದ ಎಂಬುದನ್ನೂ ಮಕ್ಕಳಿಗೆ ಹೇಳಿ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಡ್ಯೂಕ್‌ಗಳ ಲಾಂಛನವೂ ಅರ್ಮಿನ್. ಅಲ್ಲಿ ಇದೇ ಮಾತು ‘ಪೋತಿಯುಸ್ ಮೋರಿ ಕ್ವಾಮ್ ಫೊಯ್ದಾರಿ’ ಎಂದು ಪ್ರಸಿದ್ಧ. ಆದರೆ 1381ರಲ್ಲಿ ಅಲ್ಲಿನ ಡ್ಯೂಕ್ ಕಟ್ಟಿದ ಅರ್ಮಿನ್ ಕೂಟದ ನುಡಿ ಫ್ರೆಂಚಿನದು: ‘ಅ ಮ ವೀ’, ‘ಜೀವ ಇರುವ ತನಕ’.

ಲ್ಯಾಟಿನ್ ಏಕೆ ಬೇಕಾಯಿತು ಎಂಬುದಕ್ಕೆ ಪಾವ್ಲೋ ಜೋವಿಯೋ ಎಂಬ ಇಟಲಿಯ ಬಿಷಪ್ ಕಾರಣ ಕೊಟ್ಟಿದ್ದಾನೆ. 1555ರಲ್ಲಿ ಅಚ್ಚಾದ ಅವನ ಸಂವಾದ ಗ್ರಂಥದಲ್ಲಿ ಇಂಥ ಚಿತ್ರನುಡಿಗಳಿಗೆ ನಿಯಮಗಳಿವೆ. ಚಿತ್ರವೇ ದೇಹ, ಮಾತೇ ಆತ್ಮ; ಆ ಮಾತು ಧರಿಸುವವನ ಮಾತೃಭಾಷೆಯಲ್ಲಿರದೆ ಬೇರೆ ಭಾಷೆಯಲ್ಲಿರಬೇಕು, ಅರ್ಥ ಸ್ವಲ್ಪ ಮರೆಯಲ್ಲಿರಬೇಕು ಎನ್ನುತ್ತಾನೆ. ಅಂದರೆ ಲ್ಯಾಟಿನ್ ಬಂದದ್ದು ಎಲ್ಲರೂ ಓದಲಿ ಎಂದಲ್ಲ, ಬಲ್ಲವರು ಮಾತ್ರ ಓದಲಿ ಎಂದು. ರಣರಂಗದ ಗುರಾಣಿಯ ಉದ್ದೇಶಕ್ಕೆ ಇದು ನೇರ ವಿರುದ್ಧ. ಐದನೇ ಚಾರ್ಲ್ಸ್ ಚಕ್ರವರ್ತಿಯ ‘ಪ್ಲುಸ್ ಉಲ್ತ್ರಾ’ ಇದಕ್ಕೆ ಒಳ್ಳೆಯ ಉದಾಹರಣೆ. 1516ರಲ್ಲಿ ಮಿಲಾನಿನ ವೈದ್ಯ ಲುಯೀಜಿ ಮಾರ್ಲಿಯಾನೋ ಅವನಿಗಾಗಿ ರಚಿಸಿದ್ದು ಫ್ರೆಂಚಿನಲ್ಲಿ, ‘ಪ್ಲು ಉಲ್ತ್ರ್’, ‘ಇನ್ನೂ ಆಚೆಗೆ’. ಚಾರ್ಲ್ಸ್ ಸ್ಪೇನಿಗೆ ಬಂದಮೇಲೆ ಅಲ್ಲಿನವರಿಗೆ ಫ್ರೆಂಚ್ ನುಡಿ ರುಚಿಸಲಿಲ್ಲ, ಅದನ್ನು ಲ್ಯಾಟಿನ್‌ಗೆ ತಿರುಗಿಸಿದರು. ಒಳ್ಳೆಯ ಲ್ಯಾಟಿನ್ ಅಲ್ಲವೆಂದು ಪಂಡಿತರು ಅಂದಿನಿಂದ ಹೇಳುತ್ತಲೇ ಇದ್ದಾರೆ. ಆದರೂ ಅದು ಸ್ಪೇನಿನ ಧ್ವಜದ ಮೇಲೆ ಇಂದಿಗೂ ಇದೆ.

ಇಂಗ್ಲೆಂಡಿನ ಮನೆತನಗಳು ತಮ್ಮ ಹೆಸರನ್ನೇ ಲ್ಯಾಟಿನ್‌ನಲ್ಲಿ ಅಡಗಿಸಿದವು. ನಮ್ಮ ಕವಿಗಳ ಶ್ಲೇಷೆಯ ಹಾಗೆ. ನೆವಿಲ್ ಮನೆತನದ್ದು ‘ನೆ ವಿಲೆ ವೆಲಿಸ್’, ‘ಕೀಳಾದದ್ದನ್ನು ಬಯಸಬೇಡ’. ನನಗೆ ಅತ್ಯಂತ ಪ್ರಿಯವಾದದ್ದು ವರ್ನನ್ ಮನೆತನದ ‘ವೆರ್ ನೋನ್ ಸೆಂಪೆರ್ ವಿರೆತ್’. ಹಾಗೆಯೇ ಓದಿದರೆ ‘ವಸಂತ ಸದಾ ಹಸಿರಾಗಿರದು’. ಮೊದಲ ಎರಡು ಪದ ಕೂಡಿಸಿದರೆ ‘ವರ್ನನ್ ಸದಾ ಹಸಿರು’. ಓರೆಪಟ್ಟಿ ಕಳೆದುಕೊಂಡ ಗ್ರೋವನರ್ ವಂಶದವರು ಇಂದು ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್‌ಗಳು. ಅವರ ಧ್ಯೇಯವಾಕ್ಯ ‘ವಿರ್ತೂಸ್ ನೋನ್ ಸ್ತೆಮ್ಮ’, ‘ಗುಣ ಮುಖ್ಯ, ವಂಶಾವಳಿಯಲ್ಲ’. ಇಂಗ್ಲೆಂಡಿನಲ್ಲಿ ಧ್ಯೇಯವಾಕ್ಯ ಲಾಂಛನದ ಅಧಿಕೃತ ಅಂಗವಲ್ಲ, ಯಾವಾಗ ಬೇಕಾದರೂ ಬದಲಿಸಬಹುದು. ಸ್ಕಾಟ್ಲೆಂಡಿನಲ್ಲಿ ಹಾಗಿಲ್ಲ, ಅಲ್ಲಿ ಲಾಂಛನಾಧಿಕಾರಿಯ ಅಪ್ಪಣೆ ಬೇಕು. ಈ ಪರಂಪರೆಯ ಒಂದು ಕೊಂಡಿ ಬೆಂಗಳೂರಿಗೂ ಬಂದಿದೆ. ಬ್ರಿಟಿಷ್ ಸೇನೆಯ ಎಂಜಿನಿಯರುಗಳಿಗೆ 1832ರಲ್ಲಿ ಸಿಕ್ಕ ಲ್ಯಾಟಿನ್ ನುಡಿ ‘ಉಬೀಕ್ವೆ’, ‘ಎಲ್ಲೆಲ್ಲೂ’. ಅದೇ ಅರ್ಥದ ‘ಸರ್ವತ್ರ’ ಇಂದು ಭಾರತೀಯ ಸೇನೆಯ ಎಂಜಿನಿಯರುಗಳ ನುಡಿ. ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನವರ ನುಡಿಯೂ ಅದೇ.

ಈಗ ನಿಮ್ಮ ಹನ್ನೆರಡು ರಟ್ಟಿನ ಗುರಾಣಿಗಳು. ಅಕ್ಷರ ಬಿಡಿ, ಬಣ್ಣ ತನ್ನಿ. ಎಡ್ವರ್ಡ್ ದೊರೆಗೆ ಗುರಾಣಿಯನ್ನು ನಾಲ್ಕು ಭಾಗ ಮಾಡಿ: ನೋಡುವವರಿಗೆ ಎಡ ಮೇಲಿನ ಮತ್ತು ಬಲ ಕೆಳಗಿನ ಭಾಗದಲ್ಲಿ ನೀಲಿಯ ತುಂಬ ಚಿನ್ನದ ಲಿಲ್ಲಿಗಳು, ಉಳಿದ ಎರಡರಲ್ಲಿ ಕೆಂಪಿನ ಮೇಲೆ ಮೂರು ಮೂರು ಚಿನ್ನದ ಸಿಂಹಗಳು. ರಾಜಕುಮಾರನದೂ ಅದೇ, ಆದರೆ ಮೇಲ್ಭಾಗದಲ್ಲಿ ಮೂರು ಕಾಲುಗಳು ಇಳಿಬಿದ್ದ ಬಿಳಿಯ ಪಟ್ಟಿ. ಹಿರಿಯ ಮಗ ಎಂಬ ಗುರುತು. ಫ್ರಾನ್ಸಿನ ದೊರೆ ಆರನೇ ಫಿಲಿಪ್‌ಗೆ ನೀಲಿಯ ತುಂಬ ಲಿಲ್ಲಿಗಳು. ಫ್ಲಾಂಡರ್ಸ್‌ನ ಕೌಂಟ್‌ಗೆ ಚಿನ್ನದ ಮೇಲೆ ಕಪ್ಪು ಸಿಂಹ. ವಾರಿಕ್‌ನ ಅರ್ಲ್‌ಗೆ ಕೆಂಪಿನ ಮೇಲೆ ಅಡ್ಡವಾಗಿ ಚಿನ್ನದ ಪಟ್ಟಿ, ಅದರ ಸುತ್ತ ಆರು ಚಿನ್ನದ ಶಿಲುಬೆಗಳು. ಗಾರ್ಟರ್ ಪಟ್ಟಿಯನ್ನು ಯಾರಿಗೂ ಕಟ್ಟಬೇಡಿ, ಅದು ಹುಟ್ಟುವುದಕ್ಕೆ ಇನ್ನೂ ಎರಡು ವರ್ಷವಿದೆ.

ಮಾನದ ಮಾತು ನಾಟಕದಲ್ಲಿ ಬರಲೇಬೇಕು ಎಂದಾದರೆ ಬೊಹೀಮಿಯಾದ ದೊರೆ ಜಾನ್‌ನ ದೃಶ್ಯವನ್ನು ಸೇರಿಸಿ. ಅವನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಫ್ರೆಂಚರ ಪರವಾಗಿ ಬಂದಿದ್ದ ಅವನು ಸೋಲು ಖಚಿತವೆಂದು ತಿಳಿದ ಮೇಲೆ, ಕತ್ತಿಯಿಂದ ಒಂದು ಏಟಾದರೂ ಹೊಡೆಯುವಷ್ಟು ಮುಂದಕ್ಕೆ ನನ್ನನ್ನು ಕರೆದೊಯ್ಯಿರಿ ಎಂದು ತನ್ನ ನೈಟ್‌ಗಳನ್ನು ಕೇಳಿದನಂತೆ. ನೂಕುನುಗ್ಗಲಿನಲ್ಲಿ ದೊರೆ ತಪ್ಪಿಹೋಗಬಾರದೆಂದು ಅವರು ತಮ್ಮೆಲ್ಲರ ಕುದುರೆಗಳ ಲಗಾಮುಗಳನ್ನು ಒಂದಕ್ಕೊಂದು ಗಂಟುಹಾಕಿ ಒಟ್ಟಿಗೆ ನುಗ್ಗಿದರು. ಮರುದಿನ ಅವರೆಲ್ಲರ ಹೆಣಗಳು ದೊರೆಯ ಸುತ್ತಲೇ ಸಿಕ್ಕವು, ಕುದುರೆಗಳು ಕಟ್ಟಿಕೊಂಡೇ ಇದ್ದವು ಎಂದು ಆ ಶತಮಾನದ ಚರಿತ್ರಕಾರ ಫ್ರೊಸಾರ್ ಬರೆದಿದ್ದಾನೆ. ಅವನ ಗುರಾಣಿಗೆ ಬೊಹೀಮಿಯಾದ ಲಾಂಛನ ಬಳಸಿ: ಕೆಂಪಿನ ಮೇಲೆ ಎರಡು ಬಾಲದ ಬಿಳಿಯ ಸಿಂಹ. ‘ಇಶ್ ದೀನ್’ ಎಂಬ ನುಡಿಯನ್ನೂ ಗರಿಗಳನ್ನೂ ಕಪ್ಪು ರಾಜಕುಮಾರ ಇವನಿಂದಲೇ ತೆಗೆದುಕೊಂಡ ಎಂಬ ಐತಿಹ್ಯವನ್ನು ನಾಟಕದಲ್ಲಿ ತರಬೇಡಿ, ಅದಕ್ಕೆ ಗಟ್ಟಿ ಆಧಾರವಿಲ್ಲ.

ಲ್ಯಾಟಿನ್ ಬೇಕೇ ಬೇಕೆಂದು ಮಕ್ಕಳು ಹಟ ಹಿಡಿದರೆ, ಮರದ ಕತ್ತಿಗಳ ಅಡ್ಡಪಟ್ಟಿಯ ಮೇಲೆ ‘ಕ್ರಿಸ್ತುಸ್ ವಿಂಕಿತ್’ (‘ಕ್ರಿಸ್ತನೇ ಗೆಲ್ಲುತ್ತಾನೆ’) ಎಂದು ಸಣ್ಣದಾಗಿ ಬರೆಸಿ. ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲೇ ಇರಲಿ; ‘ಯು’ ಅಕ್ಷರ ಬರುವ ಕಡೆ ‘ವಿ’ ಅಕ್ಷರ ಹಾಕಿಸಿ, ಆ ಕಾಲದ ಕೆತ್ತನೆಯಲ್ಲಿ ಅದು ಹಾಗೆಯೇ ಇರುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅದು ಕಾಣಿಸಲಿಕ್ಕಿಲ್ಲ. ಕತ್ತಿ ಹಿಡಿದ ಮಗುವಿಗೆ ಕಾಣುತ್ತದೆ.